ಕಲ್ಲು ನುರಿದ ಸೀಮೆ

ಕರ್ನಾಟಕದ ತಳಗಲ್ಲು ಎರಡು ಬೇರೆ ವಯಸ್ಸಿನ ಭೂಖಂಡಗಳು ಬೆಸೆದು ಆದದ್ದು. ಪಶ್ಚಿಮ ಖಂಡದ ಹಲವು ಶಿಲೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಪೂರ್ವದವು ಬಹುಪಾಲು 270ರಿಂದ 250 ಕೋಟಿ ವರ್ಷದವು. ಇವುಗಳ ಗಡಿಯೆಂದು ಅನೇಕ ಭೂವಿಜ್ಞಾನಿಗಳು ಗುರುತಿಸುವ ಚಿತ್ರದುರ್ಗ ಶಿಯರ್ (ಜಾರಿಕೆ) ವಲಯ ಗದಗದ ಕಡೆಯಿಂದ ತುಂಗಭದ್ರೆ ದಾಟಿ, ಹಡಗಲಿ, ಹರಪನಹಳ್ಳಿಗಳ ಆಸುಪಾಸಿನಲ್ಲಿ ಹಾದು ಚಿತ್ರದುರ್ಗದತ್ತ ಸಾಗುತ್ತದೆ. ನಕಾಶೆಯಲ್ಲಿ ಇದು ಗೆರೆಯಾಗಿ ಕಂಡರೂ ನೆಲದ ಮೇಲೆ ಅಗಲವಾದ ಪಟ್ಟಿ. ಅದರೊಳಗಿನ ಕಲ್ಲು ಅಕ್ಕಪಕ್ಕದ ಕಲ್ಲಿನಂತಿಲ್ಲ.

ಭೂಮಿಯ ಎರಡು ಹೋಳುಗಳು ಒಂದನ್ನೊಂದು ಉಜ್ಜಿಕೊಂಡು ಸರಿದಾಗ ನಡುವಿನ ಕಲ್ಲಿಗೆ ಏನಾಗುತ್ತದೆ ಎಂಬುದನ್ನು ಮುಖ್ಯವಾಗಿ ಆಳವೇ ನಿರ್ಧರಿಸುತ್ತದೆ. ಮೇಲ್ಪದರದಲ್ಲಿ ಕಲ್ಲು ತಣ್ಣಗಿರುತ್ತದೆ, ಗಡುಸಾಗಿರುತ್ತದೆ. ಬೀಸುಕಲ್ಲಿಗೆ ಬಿದ್ದ ಜೋಳದಂತೆ ಅದು ಒಡೆದು, ಮೊದಲು ಚೂಪು ಅಂಚಿನ ಚೂರಾಗಿ, ಆಮೇಲೆ ನುಚ್ಚಾಗಿ, ಕೊನೆಗೆ ಜೇಡಿಯಂಥ ಹಿಟ್ಟಾಗುತ್ತದೆ. ಭೂಕಂಪಗಳು ಹೆಚ್ಚಾಗಿ ಹುಟ್ಟುವುದು ಈ ಗಡುಸು ಪದರದಲ್ಲೇ. ಜಾರಿಕೆ ತೀರಾ ರಭಸದ್ದಾದರೆ ಉಜ್ಜಾಟದ ಬಿಸಿಗೆ ಕಲ್ಲೇ ಕರಗಿ, ಕ್ಷಣದಲ್ಲಿ ಆರಿ, ಕಪ್ಪು ಗಾಜಿನಂಥ ಎಳೆಯಾಗಿ ಉಳಿಯುವುದೂ ಉಂಟು.

ಸುಮಾರು 10ರಿಂದ 15 ಕಿಲೋಮೀಟರ್ ಆಳದಲ್ಲಿ, 300 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ, ಕಥೆಯೇ ಬೇರೆ. ಅಲ್ಲಿ ಬೆಣಚುಕಲ್ಲು ಒಡೆಯುವುದಿಲ್ಲ; ಘನವಾಗಿದ್ದುಕೊಂಡೇ ನಿಧಾನವಾಗಿ ಹರಿಯುತ್ತದೆ. ಅದರ ದೊಡ್ಡ ಹರಳುಗಳು ಎಳೆದಾಟಕ್ಕೆ ಸಿಕ್ಕಿ ಉದ್ದವಾಗಿ, ಬಳಿಕ ಸಣ್ಣ ಸಣ್ಣ ಹೊಸ ಹರಳುಗಳಾಗಿ ಮರುರೂಪ ಪಡೆಯುತ್ತವೆ. ಫೆಲ್ಸ್‌ಪಾರ್ ಖನಿಜ ಮೆತ್ತಗಾಗಲು ಇನ್ನೂ ಹೆಚ್ಚಿನ ಬಿಸಿ ಬೇಕು. ಹಾಗಾಗಿ ನಯವಾದ ಪಟ್ಟೆಗಳ ನಡುವೆ ಅದರ ಹರಳು ಕಣ್ಣಿನಾಕಾರದಲ್ಲಿ ಎದ್ದು ಕಾಣುತ್ತದೆ. ಇಂಥ ಶಿಲೆಗೆ ಮೈಲೊನೈಟ್ ಎಂಬ ಹೆಸರನ್ನು 1885ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲ್ಯಾಪ್‌ವರ್ತ್ ಸ್ಕಾಟ್ಲೆಂಡಿನ ಕಲ್ಲುಗಳನ್ನು ನೋಡಿ ಇಟ್ಟರು. ಆ ‘ಕಣ್ಣಿನ’ ಬಾಲ ಯಾವ ಕಡೆಗೆ ಎಳೆದಿದೆ ಎಂಬುದರಿಂದ ಹೋಳುಗಳು ಸರಿದ ದಿಕ್ಕನ್ನು ಹೇಳಬಹುದು. ಚಿತ್ರದುರ್ಗ ವಲಯದ ಇಂಥ ಗುರುತುಗಳು ಮುಖ್ಯವಾಗಿ ಎಡಜಾರಿಕೆಯನ್ನು ತೋರಿಸುತ್ತವೆ: ಒಂದು ಬದಿಯಲ್ಲಿ ನಿಂತು ನೋಡಿದರೆ ಎದುರು ಬದಿ ಎಡಕ್ಕೆ ಸರಿದಿದೆ.

ಆಳದ ಕಲ್ಲು ಎಲ್ಲೆಡೆ ಒಂದೇ ರೀತಿ ಹೊರಬಿದ್ದಿಲ್ಲ, ಏಕೆಂದರೆ ಕರ್ನಾಟಕದ ತಳಗಲ್ಲು ಒಟ್ಟಾರೆ ಉತ್ತರಕ್ಕೆ ಓರೆಯಾಗಿದೆ. ದಕ್ಷಿಣದಲ್ಲಿ ಹೆಚ್ಚು ಆಳದ ಪದರ ಸವೆದು ಹೊರಬಿದ್ದಿದ್ದರೆ, ಹಡಗಲಿ, ಹರಪನಹಳ್ಳಿಗಳ ಕಡೆ ಅಷ್ಟು ಆಳದ್ದಲ್ಲದ, ಹಸಿರು ಛಾಯೆಯ, ಎಳೆಎಳೆಯಾಗಿ ಸೀಳುವ ಶಿಸ್ಟ್ ಕಲ್ಲುಗಳ ಪದರ ಕಾಣುತ್ತದೆ. ಪೂರ್ವಕ್ಕೆ, ಕೂಡ್ಲಿಗಿ ಸೀಮೆಯಲ್ಲಿ, ಗ್ರಾನೈಟಿನದೇ ರಾಜ್ಯ. ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 400 ಕಿಲೋಮೀಟರ್ ಉದ್ದದ ಪಟ್ಟಿ; ವಯಸ್ಸು 250 ಕೋಟಿ ವರ್ಷದ ಮೇಲೆ. ನೆಲ ಹೀಗೆ ಎಳೆದಾಟಕ್ಕೆ ಸಿಕ್ಕಿದ್ದ ಕಾಲದಲ್ಲೇ ಅದರ ಕರಗಿದ ಶಿಲೆ ಮೇಲೇರಿತು. ಇದರ ಗುಲಾಬಿ ಫೆಲ್ಸ್‌ಪಾರ್ ಹರಳುಗಳು ಹಲವೆಡೆ ಒಂದೇ ದಿಕ್ಕಿಗೆ ಸಾಲಾಗಿ ನಿಂತಿರುವುದು ಅದಕ್ಕೊಂದು ಸಾಕ್ಷಿ.

ಒತ್ತಡ, ಬಿಸಿಗಳಷ್ಟೇ ಮುಖ್ಯವಾದುದು ನೀರು.  ನುರಿದ ಕಲ್ಲಿನ ಸಂದಿಗಳಲ್ಲಿ ಬಿಸಿನೀರು ಹರಿದಾಗ ಗಡುಸು ಫೆಲ್ಸ್‌ಪಾರ್ ಅಭ್ರಕವಾಗುತ್ತದೆ, ಕಪ್ಪು ಲಾವಾಶಿಲೆ ಹಸಿರು ಕ್ಲೋರೈಟ್ ಆಗುತ್ತದೆ, ಮೆಗ್ನೀಷಿಯಂ ತುಂಬಿದ ಶಿಲೆ ಬಳಪವಾಗುತ್ತದೆ. ಈ ಹೊಸ ಖನಿಜಗಳು ಪದರಪದರವಾಗಿ ಜಾರುವಂಥವು. ಹೀಗಾಗಿ ಒಮ್ಮೆ ಸರಿದ ಜಾಗವೇ ಮತ್ತೆ ಮತ್ತೆ ಸರಿಯುತ್ತದೆ. ಸುತ್ತಲಿನ ಕಲ್ಲು ಹೆಚ್ಚು ಕೆಡದೆ ಉಳಿಯುತ್ತದೆ.

ಅದೇ ನೀರು ಸಿಲಿಕವನ್ನೂ ಲೋಹವನ್ನೂ ಹೊತ್ತು ತರುತ್ತದೆ. ಒತ್ತಡ ಇಳಿದಲ್ಲಿ ಅವು ಬೆಣಚುಕಲ್ಲಿನ ಎಳೆಗಳಾಗಿ ಕೂರುತ್ತವೆ. ಗದಗ ಬೆಟ್ಟಗಳ ಚಿನ್ನ ಇಂಥ ಎಳೆಗಳದ್ದೇ. ಈ ಸೀಮೆಯ ಶಿಸ್ಟ್ ಶಿಲಾಸಮೂಹಕ್ಕೆ ‘ಧಾರವಾಡ’ ಎಂದು ಹೆಸರಿಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ಭೂವಿವರವನ್ನು 1895ರಲ್ಲಿ ಪ್ರಕಟಿಸಿದರು.

ಬಿಸಿನೀರಿನಿಂದ ಹೀಗೆ ಮೆತ್ತಗಾದ ಕಲ್ಲಿಗೆ ಇನ್ನೊಂದು ಉಪಯೋಗವೂ ಸಿಕ್ಕಿತು. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಕಟ್ಟಿದವರು ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲನ್ನೇ ಆರಿಸಿಕೊಂಡರು.