ಟ್ರ್ಯಾಕ್ಟರ್ ಇಳಿದು ಕಾರು ಹತ್ತಿದಾಗ: ಹಗುರ ಸ್ಟೀರಿಂಗಿಗೆ ಕೈ ಒಗ್ಗಿಸೋದು ಹೇಗೆ?

ಹಗಲೆಲ್ಲ ಟ್ರ್ಯಾಕ್ಟರ್ ಓಡಿಸಿ ಸಂಜೆ ಕಾರು ಹತ್ತಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲೋದೇ ಇಲ್ಲ ಅಂತ ಸುಮಾರು ಗೆಳೆಯರು ಹೇಳ್ತಾರೆ. ನಮ್ಮ ಮನೆಯಲ್ಲೂ ಪವರ್ ಸ್ಟೀರಿಂಗ್ ಇಲ್ಲದ ಹಳೇ ಟ್ರ್ಯಾಕ್ಟರ್ ಇದೆ. ಸೊಪ್ಪು, ತರಕಾರಿ ಪೇಟೆಗೆ ಸಾಗಿಸೋಕೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಸಣ್ಣ ಕಾರು ಬಂದಾಗ, ಮೊದಲ ಕೆಲವು ವಾರ ರಸ್ತೆಗೂ ನನ್ನ ಕೈಗೂ ಸಂಬಂಧವೇ ಇಲ್ಲ ಅನ್ನಿಸ್ತಿತ್ತು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ಕೈ ಬೇಗ ಒಗ್ಗಿತು.

ಒಳಗೆ ಏನಾಗುತ್ತೆ?

ಹೈಡ್ರಾಲಿಕ್ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ ಓಡಿಸೋ ಪಂಪು ಎಣ್ಣೆಯ ಒತ್ತಡದಿಂದ ಸಹಾಯ ಮಾಡುತ್ತೆ. ಎಲೆಕ್ಟ್ರಿಕ್‌ನಲ್ಲಿ ಆ ಕೆಲಸ ಮೋಟಾರಿನದು. ನೀವು ಎಷ್ಟು ಬಲ ಹಾಕ್ತಿದ್ದೀರಿ ಅಂತ ಸೆನ್ಸರ್ ಅಳೆಯುತ್ತೆ. ಅದನ್ನೂ ಗಾಡಿಯ ವೇಗವನ್ನೂ ನೋಡಿ ಕಂಟ್ರೋಲ್ ಯೂನಿಟ್ ಮೋಟಾರಿಗೆ ಕರೆಂಟ್ ಕೊಡುತ್ತೆ. ನಿಧಾನದಲ್ಲಿ ಹೆಚ್ಚು ಸಹಾಯ, ವೇಗದಲ್ಲಿ ಕಡಿಮೆ. ಹಾಯಿ ನೀರಿಗೂ ಡ್ರಿಪ್ಪಿಗೂ ಇರೋ ವ್ಯತ್ಯಾಸ ಅಂದ್ಕೊಳ್ಳಿ: ಬೇಕಾದಾಗ, ಬೇಕಾದಷ್ಟು. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ಈ ವ್ಯವಸ್ಥೆ ಬಂತು.

ಅಪಾಯ ಎಲ್ಲಿದೆ?

ಉಳುವಾಗ ಮುಂದಿನ ಚಕ್ರ ಹೆಂಟೆ ಹತ್ತಿದರೂ ಕೈಗೆ ಗೊತ್ತಾಗುತ್ತೆ. ಕಾರಿನಲ್ಲಿ ಆ ನಡುಕ ಬಹಳಷ್ಟು ಸೋಸಿಹೋಗಿರುತ್ತೆ. ಹಳೇ ಟ್ರ್ಯಾಕ್ಟರಿನ ಸ್ಟೀರಿಂಗಲ್ಲಿ ಪ್ಲೇ ಇರೋದ್ರಿಂದ ಆ ಕಡೆ ಈ ಕಡೆ ಆಡಿಸ್ತಾನೇ ಇರ್ತೀವಿ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತೆ. ಅಲ್ಲಿ ಅದೇ ಅಭ್ಯಾಸ ತೋರಿಸಿದರೆ ಎದುರು ಲಾರಿಯ ದಾರಿಗೇ ಹೋಗ್ತೀವಿ.

ಅಭ್ಯಾಸ ಹೀಗಿರಲಿ

* ಖಾಲಿ ಬಯಲಲ್ಲಿ 15–20 ಕಿ.ಮೀ. ವೇಗದಲ್ಲಿ 8ರ ಆಕಾರ ಸುತ್ತಿ. ಎಷ್ಟು ತಿರುಗಿಸಿದರೆ ಎಷ್ಟು ಹೊರಳುತ್ತೆ ಅಂತ ಕೈಗೆ ಲೆಕ್ಕ ಸಿಗುತ್ತೆ.
* ಎರಡೂ ಕೈ ಇರಲಿ, ಬಿಗಿ ಹಿಡಿತ ಬೇಡ.
* ನೇರ ಸಾಲು ಹೊಡೆಯೋಕೆ ಆಚೆ ಬದುವಿನ ಮರ ನೋಡ್ತೀವಲ್ಲ, ಹಾಗೇ ರಸ್ತೆಯಲ್ಲೂ ದೂರ ನೋಡಿ.
* ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ಪೂರ್ತಿ ವಾಪಸ್ ಬರುತ್ತೆ ಅಂತ ಕೈ ಬಿಡಬೇಡಿ, ನೀವೇ ತನ್ನಿ.
* ಡಿಕ್ಕಿಯಲ್ಲಿ ಭಾರದ ಕ್ರೇಟ್ ತುಂಬಿದರೆ ಮುಂದಿನ ಚಕ್ರ ಹಗುರಾಗುತ್ತೆ, ಸ್ಟೀರಿಂಗೂ ಇನ್ನಷ್ಟು ಹಗುರ ಅನ್ಸುತ್ತೆ. ಲೋಡ್ ಇದ್ದಾಗ ವೇಗ ತಗ್ಗಿಸಿ.
* ಟ್ರ್ಯಾಕ್ಟರ್ ಇಳಿದ ದಿನ ಮೊದಲ ಹತ್ತು ನಿಮಿಷ ನಿಧಾನ.

ಒಗ್ಗಿಕೊಳ್ಳಬಾರದ್ದು

ಹಗುರ ಅನ್ನಿಸೋದು ಸಹಜ. ಒಂದೇ ಕಡೆ ಎಳೆಯೋದು, ಟಕಟಕ ಸದ್ದು, ಇದ್ದಕ್ಕಿದ್ದಂತೆ ಬಿಗಿಯಾಗೋದು ಸಹಜ ಅಲ್ಲ, ಗ್ಯಾರೇಜಿಗೆ ಹೋಗಿ. ಟೈರಲ್ಲಿ ಗಾಳಿ ಕಡಿಮೆಯಾದ್ರೂ ಮೋಟಾರು ಅದನ್ನ ಮರೆಮಾಚಬಹುದು, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗೇಜ್ ಹಾಕಿಯೇ ನೋಡಿ. ಪೂರ್ತಿ ತಿರುಗಿಸಿ ಒತ್ತಿ ಹಿಡಿದೇ ಇದ್ದರೆ ಮೋಟಾರು ಬಿಸಿಯಾಗಿ ಸಹಾಯ ತಗ್ಗಿಸುತ್ತೆ.

ಡ್ಯಾಶ್‌ಬೋರ್ಡಲ್ಲಿ ಸ್ಟೀರಿಂಗ್ ಚಿತ್ರದ ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. ಬ್ಯಾಟರಿ ಸೊರಗಿದ್ರೂ ಈ ದೀಪ ಬರಬಹುದು. ಆಗಲೂ ಹೋಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಸಾಮಾನ್ಯ ಕಾರುಗಳಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಕೊಂಡಿ ಇದ್ದೇ ಇರೋದ್ರಿಂದ ಗಾಡಿ ತಿರುಗುತ್ತೆ, ಆದ್ರೆ ತುಂಬಾ ಭಾರ.

ಕೊನೆಯದಾಗಿ, ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಡೀಸೆಲ್ ಉಳಿಸೋಕೆ ಎಂಜಿನ್ ಆಫ್ ಮಾಡೋ ಚಾಳಿ ಬೇಡವೇ ಬೇಡ. ಸ್ಟೀರಿಂಗಿನ ಸಹಾಯ ಹೋಗುತ್ತೆ, ಬ್ರೇಕೂ ಗಟ್ಟಿಯಾಗುತ್ತೆ, ಕೀ ತೆಗೆದರೆ ಸ್ಟೀರಿಂಗ್ ಲಾಕೇ ಆಗಬಹುದು. ಗೇರಲ್ಲೇ ಇಳಿಸಿ.