ಗಾಳ ಹಾಕಿದರೆ ಬೇಟೆ, ಅಣೆಕಟ್ಟು ಕಟ್ಟಿದರೆ ಅಭಿವೃದ್ಧಿ: ಕಾವೇರಿಯ ಮಹಶೀರ್ ಮೀನಿನ ಕತೆ

ಸಾಲ್ಮನ್, ಟ್ರೌಟ್ ಹಿಡಿಯೋಕೆ ದುಡ್ಡಿರುವ ಜನ ಅಲಾಸ್ಕಾಗೆ, ಸ್ಕಾಟ್ಲೆಂಡಿಗೆ ಹೋಗ್ತಾರೆ ಅಂತ ಕೇಳಿರ್ತೀರಿ. ಅದೇ ಥರದ ಜನ ಒಂದು ಕಾಲದಲ್ಲಿ ನಮ್ಮ ಕಾವೇರಿಗೂ ಬರುತ್ತಿದ್ದರು, ಮಹಶೀರ್ ಹುಡುಕಿಕೊಂಡು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡ್, ಅಂದರೆ ಸುಮಾರು 54 ಕೆಜಿ! ಇವತ್ತು ಆ ಮೀನು ಅಳಿವಿನ ಅಂಚಿನಲ್ಲಿದೆ. ಅದನ್ನು ಉಳಿಸುವ ಹೆಸರಿನಲ್ಲಿ ನಾವು ಮಾಡಿದ್ದೇನು?

ಹಿಡಿ, ತೂಗು, ಬಿಡು

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಮೀನುಗಾಳದ ಕ್ಯಾಂಪ್ ನಡೆಸುತ್ತಿತ್ತು. ನಿಯಮ ಸರಳ: ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಜೀವಂತವಾಗಿ ನದಿಗೇ ಬಿಡಬೇಕು. ಗೈಡ್‌ಗಳು ಸುತ್ತಮುತ್ತಲ ಊರಿನವರೇ. ಯಾವ ಮಡುವಿನಲ್ಲಿ ಮೀನಿದೆ, ತೆಪ್ಪ ಎಲ್ಲಿ ತಿರುಗಿಸಬೇಕು ಎಲ್ಲವೂ ಅವರಿಗೆ ಗೊತ್ತು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದೂ ನಮ್ಮ ರಾಗಿ ಹಿಟ್ಟಿನ ಉಂಡೆಯನ್ನೇ. ಬಲೆ ಬೀಸಿ, ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದ ಕೆಲವರು ಇಲ್ಲಿ ಸಂಬಳ ಪಡೆದು ನದಿ ಕಾಯೋಕೆ ನಿಂತರು.

ಆದರೆ ಈ ಜಾಗ ಕಾವೇರಿ ವನ್ಯಧಾಮದ ಒಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆ. ಈ ಲೆಕ್ಕದಲ್ಲಿ ಗಾಳವೂ ಬೇಟೆಯಾಯಿತು. 2012ರ ಹೊತ್ತಿಗೆ ಇಲ್ಲಿನ ಗಾಳದ ಕ್ಯಾಂಪ್‌ಗಳು ಮುಚ್ಚಿದವು.

ನಿಷೇಧದ ಪರ ವಾದದಲ್ಲೂ ಹುರುಳಿದೆ. ಸಾರಿಗೆ ಮೀನು ಹಿಡಿದ ಬಡವ ಕಳ್ಳ, ಸಾವಿರಾರು ರೂಪಾಯಿ ಕೊಟ್ಟು ಹಿಡಿದವನು ಕ್ರೀಡಾಪಟು. ಇದೆಂಥ ನ್ಯಾಯ ಅನ್ನೋ ಪ್ರಶ್ನೆ ಸರಿಯಾದದ್ದೇ. ಆದರೆ ನಿಷೇಧದಿಂದ ಕೆಲಸ ಹೋಗಿದ್ದು ಯಾರದ್ದು? ಪ್ರವಾಸಿ ಬೇರೆ ನದಿಗೆ ಹೋದ. ಗೈಡ್‌ಗೆ ಹೋಗೋಕೆ ಬೇರೆ ನದಿ ಇರಲಿಲ್ಲ.

ಲೆಕ್ಕದ ಪುಸ್ತಕ ಹೇಳಿದ ಸತ್ಯ

ಕ್ಯಾಂಪ್‌ನವರು ಹಿಡಿದ ಪ್ರತಿ ಮೀನನ್ನೂ ಬರೆದಿಡುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಯಲ್ಲಿ 6,000ಕ್ಕೂ ಹೆಚ್ಚು ಮೀನುಗಳಿವೆ. ವಿಜ್ಞಾನಿಗಳು ಅದನ್ನು ಕೆದಕಿದಾಗ ಒಂದು ವಿಚಿತ್ರ ಕಂಡಿತು. ಸಿಗುವ ಮೀನಿನ ಸಂಖ್ಯೆ ಏರುತ್ತಿದೆ, ಆದರೆ ಕಾವೇರಿಯದ್ದೇ ಆದ ಡುಬ್ಬದ ಮಹಶೀರ್ ಮಾಯವಾಗುತ್ತಿದೆ.

ಹಾಗಾದರೆ ಏರಿದ್ದು ಯಾವುದು? ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ಈ ಜಾತಿಯ ಮರಿಗಳನ್ನು 1970ರ ದಶಕದಿಂದ 'ಸಂರಕ್ಷಣೆ' ಅಂತಲೇ ಕಾವೇರಿಗೆ ಬಿಡಲಾಯಿತು. ಉಳಿಸಲು ತಂದದ್ದೇ ಮೂಲನಿವಾಸಿಯ ಜಾಗ ಆಕ್ರಮಿಸಿತು.

ಇನ್ನೂ ದೊಡ್ಡ ವಿಪರ್ಯಾಸವೆಂದರೆ, ಜಗತ್ತಿಗೇ ಗೊತ್ತಿದ್ದ ಡುಬ್ಬದ ಮಹಶೀರ್‌ಗೆ ವೈಜ್ಞಾನಿಕವಾಗಿ ಖಚಿತ ಹೆಸರು ಸಿಕ್ಕಿದ್ದೇ 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್‌ನಲ್ಲಿ ಗುರುತಿಸಿದ್ದ 'ಟಾರ್ ರೆಮಾದೇವಿ' ಇದೇ ಅಂತ ಆಗ ಗೊತ್ತಾಯಿತು. ಅದೇ ವರ್ಷ ಐಯುಸಿಎನ್ ಇದನ್ನು 'ತೀವ್ರ ಅಪಾಯದಲ್ಲಿರುವ' ಪ್ರಭೇದಗಳ ಪಟ್ಟಿಗೆ ಸೇರಿಸಿತು. ಹೆಸರೇ ಇಲ್ಲದ ಮೀನಿಗೆ ಕಾನೂನಿನ ರಕ್ಷಣೆ ಕೊಡೋದು ಹೇಗೆ? ಗಾಳ ನಿಂತಾಗ ಈ ಲೆಕ್ಕವೂ ನಿಂತಿತು.

ಮುಂದಿನ ಪ್ರಶ್ನೆ

ಇದೇ ನದಿಪಾತ್ರದಲ್ಲಿ ಮೇಕೆದಾಟು ಯೋಜನೆ ಬರಬೇಕಿದೆ. 67 ಟಿಎಂಸಿ ನೀರು ನಿಲ್ಲಿಸುವ ಈ ಜಲಾಶಯದಲ್ಲಿ ಕಾವೇರಿ ವನ್ಯಧಾಮದ 3,000 ಹೆಕ್ಟೇರ್‌ಗೂ ಹೆಚ್ಚು ಭಾಗ ಮುಳುಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಅದನ್ನು ಅಲ್ಲಗಳೆಯೋಕಾಗಲ್ಲ. ಆದರೆ ಮಹಶೀರ್ ಹರಿಯುವ ನೀರಿನ ಮೀನು. ಮೊಟ್ಟೆಯಿಡೋಕೆ ಅದಕ್ಕೆ ಜಲ್ಲಿಕಲ್ಲಿನ ತಳ ಬೇಕು, ಹೊಳೆಯಲ್ಲಿ ಮೇಲಕ್ಕೆ ಹೋಗುವ ದಾರಿ ಬೇಕು. ನಿಂತ ನೀರಿನಲ್ಲಿ ಇವೆರಡೂ ಸಿಗಲ್ಲ.

ಮೀನನ್ನು ಹಿಡಿದು ಬಿಟ್ಟರೆ ಬೇಟೆ, ಅದರ ನದಿಯನ್ನೇ ಮುಳುಗಿಸಿದರೆ ಅಭಿವೃದ್ಧಿ ಅನ್ನುವ ಕಾನೂನು ಯಾರನ್ನು ಕಾಯುತ್ತಿದೆ? ಗಾಳ ಮತ್ತೆ ಶುರುವಾಗಬೇಕೋ ಬೇಡವೋ ಚರ್ಚೆಯಾಗಲಿ. ಆದರೆ ಮೊದಲು ಆಗಬೇಕಾದ್ದು ಮೂರು ಕೆಲಸ: ಹೊರಗಿನ ಮಹಶೀರ್ ಮರಿಗಳನ್ನು ಬಿಡೋದು ನಿಲ್ಲಬೇಕು, ಮೀನಿನ ಲೆಕ್ಕ ಮತ್ತೆ ಶುರುವಾಗಬೇಕು, ಆ ಲೆಕ್ಕ ಬರೆಯುವ ಕೆಲಸ ನದಿ ಗೊತ್ತಿರುವ ಊರಿನವರಿಗೇ ಸಿಗಬೇಕು. ಹುಲಿಗೆ ಗಣತಿ ಇದೆ, ಆನೆಗೂ ಇದೆ. ಕಾವೇರಿಯ ಈ ಮೀನಿಗೆ ಯಾಕಿಲ್ಲ?