ಸ್ಲಿಮ್ ಕೇಸು ಮತ್ತು ಒಬ್ಬಟ್ಟಿನ ಹೂರಣ

ಬೆಂಗಳೂರಿನ ತಿಲಕ್ ನಗರದ ಓದುಗರೊಬ್ಬರ ಪ್ರಶ್ನೆ ಚಿಕ್ಕದು. ಮನೆಯಲ್ಲಿ ಮುನ್ನೂರು ಡಿಸ್ಕ್‌ಗಳಿವೆ. ತಂದೆಯವರು ಕೂಡಿಟ್ಟ ಭಾವಗೀತೆ, ದಾಸರ ಪದಗಳ ಸಿ.ಡಿ.ಗಳು, ಒಂದು ಸಿನಿಮಾಕ್ಕೆ ಎರಡೆರಡು ಬರುತ್ತಿದ್ದ ರಾಜ್‌ಕುಮಾರ್ ಚಿತ್ರಗಳ ವಿ.ಸಿ.ಡಿ.ಗಳು, ಒಂದಷ್ಟು ಡಿ.ವಿ.ಡಿ., ಜೊತೆಗೆ ಮದುವೆ-ಮುಂಜಿಯ ವಿಡಿಯೊ. ಹೊಸ ಕಪಾಟಿನಲ್ಲಿ ಅಷ್ಟು ಜಾಗವಿಲ್ಲ. ‘ದಪ್ಪ ಡಬ್ಬಿಗಳನ್ನು ಬಿಸಾಕಿ ಎಲ್ಲವನ್ನೂ ಸ್ಲಿಮ್ ಕೇಸಿಗೆ ಹಾಕೋಣ ಅಂತಿದ್ದೀನಿ. ಯಾವುದು ಕೊಳ್ಳಲಿ?’

ಪೆನ್ ಡ್ರೈವ್ ಕಾಲದಲ್ಲಿ ಇದೆಂಥ ಪ್ರಶ್ನೆ ಎಂದು ನಗಬೇಡಿ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ, ತರಕಾರಿ ತರಲು ಹೋದವರೂ ಚೀಲದಲ್ಲೊಂದು ಸಿನಿಮಾ ಹಾಕಿಕೊಂಡು ಬರುತ್ತಿದ್ದರು. 2018ರಲ್ಲಿ ಕಂಪನಿಯೇ ದಿವಾಳಿಯೆದ್ದು ಮುಚ್ಚುವ ಹಂತಕ್ಕೆ ಬಂತು. ತಿಲಕ್ ನಗರದ ಸ್ವಾಗತ್ ಟಾಕೀಸಿನ ಜಾಗದಲ್ಲಿ ಮಾಲ್ ಎದ್ದಿತು. ಡಿಸ್ಕ್‌ಗಳು ಮಾತ್ರ ಅಟ್ಟದ ಮೇಲೆ ಉಳಿದುಕೊಂಡವು.

ಮೊದಲು ಲೆಕ್ಕ. ಸಿ.ಡಿ. ಡಬ್ಬಿಯ ದಪ್ಪ ಸುಮಾರು 10 ಮಿ.ಮೀ. ಮುನ್ನೂರನ್ನು ಸಾಲಾಗಿ ನಿಲ್ಲಿಸಿದರೆ 3 ಮೀಟರ್, ಹತ್ತಿರ ಹತ್ತು ಅಡಿ. ಸ್ಲಿಮ್ ಕೇಸು 5 ಮಿ.ಮೀ., ಐದಡಿಯಲ್ಲಿ ಮುಗಿಯಿತು. ಡಿಸ್ಕ್‌ನ ದಪ್ಪವೋ ಬರೀ 1.2 ಮಿ.ಮೀ., ಮುನ್ನೂರೂ ಸೇರಿ 36 ಸೆಂ.ಮೀ. ಅಂದರೆ ಹತ್ತಡಿಯಲ್ಲಿ ಒಂದಡಿ ಚಿಲ್ಲರೆ ಹಾಡು, ಮಿಕ್ಕಿದ್ದು ಪ್ಲಾಸ್ಟಿಕ್ಕು, ಗಾಳಿ. ಆ ಗಾಳಿಯನ್ನು ಪೂರ್ತಿ ತೆಗೆದುಹಾಕಬಹುದೇ ಎಂಬುದಕ್ಕೆ ಉತ್ತರ ಡಬ್ಬಿಯಲ್ಲಿಲ್ಲ, ಡಿಸ್ಕ್‌ನ ಹೊಟ್ಟೆಯಲ್ಲಿದೆ.

ಡಿಸ್ಕ್ ಎಂದರೆ ಒಬ್ಬಟ್ಟು ಎಂದುಕೊಳ್ಳಿ. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು ಕಣಕ, ಮಾಹಿತಿ ತುಂಬಿದ ಲೋಹದ ಪದರ ಹೂರಣ. ಲೇಸರ್ ಕೆಳಗಿನಿಂದ ಕಣಕವನ್ನು ತೂರಿ ಬಂದು ಹೂರಣವನ್ನು ಓದುತ್ತದೆ. ಚೆನ್ನಾಗಿ ತಟ್ಟಿದ ಒಬ್ಬಟ್ಟಿನಲ್ಲಿ ಹೂರಣ ನಟ್ಟನಡುವೆ ಇರಬೇಕು. ಡಿ.ವಿ.ಡಿ. ಹಾಗೇ ಇದೆ: 0.6 ಮಿ.ಮೀ.ನ ಎರಡು ಹಾಳೆಗಳನ್ನು ಅಂಟಿಸಿ ಮಾಡಿದ್ದು, ಮಾಹಿತಿ ಮಧ್ಯದಲ್ಲಿ ಭದ್ರ. ಸಿ.ಡಿ. ಮಾತ್ರ ಹೊಸದಾಗಿ ಅಡುಗೆ ಕಲಿತವರ ಒಬ್ಬಟ್ಟು. ಹೂರಣವೆಲ್ಲ ಮೇಲಕ್ಕೆ ಸರಿದು, ಹೆಸರು ಅಚ್ಚಾದ ಬದಿಯಲ್ಲಿ ಹೊರಗೆ ಇಣುಕುತ್ತಿರುತ್ತದೆ. ಅದಕ್ಕೂ ಹೊರಜಗತ್ತಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಮೆರುಗೆಣ್ಣೆ, ಒಂದಿಷ್ಟು ಮುದ್ರಣದ ಬಣ್ಣ, ಅಷ್ಟೆ. ಬ್ಲೂ-ರೇಯಲ್ಲಿ ಹೂರಣ ಕೆಳಕ್ಕೆ ಜಾರಿದೆ, ಓದುವ ಬದಿಯಿಂದ 0.1 ಮಿ.ಮೀ. ಆಳದಲ್ಲಿ. ಅದಕ್ಕೇ 2003ರಲ್ಲಿ ಜಪಾನಿನಲ್ಲಿ ಮೊದಲು ಬಂದ ಬ್ಲೂ-ರೇ ಡಿಸ್ಕ್ ಕವಚದೊಳಗೇ ಕೂತಿತ್ತು. ಆಮೇಲೆ ಗಟ್ಟಿ ಲೇಪನ ಸಿಕ್ಕಿ ಕವಚ ಕಳಚಿತು.

ಈಗ ನಮ್ಮ ಹಳೆಯ ಭಯವನ್ನು ತಿರುಗಿಸಿ ನೋಡಿ. ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತೇವೆ, ಹೆಸರಿನ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತೇವೆ. ಸಿ.ಡಿ.ಯ ವಿಷಯದಲ್ಲಿ ಇದು ತಲೆಕೆಳಗು. ಹೊಳೆಯುವ ಮೈಯನ್ನು ದಾಟುವಾಗ ಲೇಸರ್ ಕಿರಣ ಸುಮಾರು 0.8 ಮಿ.ಮೀ. ಅಗಲವಿರುತ್ತದೆ, ಒಳಗೆ ಹೋಗಿ ಕೂದಲೆಳೆಯ ಎಷ್ಟೋ ಪಾಲು ಸಣ್ಣ ಚುಕ್ಕೆಯಾಗುತ್ತದೆ. ಕನ್ನಡಕದ ಮೇಲಿನ ಧೂಳು ಕಣ್ಣಿಗೆ ಕಾಣದ ಹಾಗೆ, ಮೈಮೇಲಿನ ಸಣ್ಣ ಗೀರು ಅದಕ್ಕೆ ಕಾಣುವುದಿಲ್ಲ. ಕಂಡರೂ, 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಹೊಸೆದ, ತಪ್ಪು ತಿದ್ದುವ ಗಣಿತ ಕಾಯುತ್ತದೆ. ಆ ತಿದ್ದುಪಡಿಯ ಬಲದಿಂದ ಸಿ.ಡಿ. ಪ್ಲೇಯರ್ ಸುತ್ತುಸುತ್ತಾದ ಮಾಹಿತಿಯ ಜಾಡಿನ ಉದ್ದಕ್ಕೆ ಎರಡೂವರೆ ಮಿ.ಮೀ.ನಷ್ಟು ಅಳಿಸಿಹೋದರೂ ಮತ್ತೆ ಕಟ್ಟಿಕೊಳ್ಳಬಲ್ಲದು. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಎನ್ನುವುದು ಇದಕ್ಕೇ. ಅಡ್ಡಗೀರು ಒಂದೊಂದು ಜಾಡಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಸುತ್ತುಗೀರು ಒಂದೇ ಜಾಡನ್ನು ಉದ್ದಕ್ಕೂ ನುಂಗುತ್ತದೆ. ಹೆಸರಿನ ಬದಿಯಲ್ಲಿ ಹೂರಣವೇ ಕಿತ್ತು ಬಂದರೆ ಪಾಲಿಶ್ ಮಾಡಿ ಸರಿಮಾಡಲು ಏನೂ ಉಳಿದಿರುವುದಿಲ್ಲ.

ಸ್ಲಿಮ್ ಕೇಸಿನ ಮೊದಲ ಅಪಾಯ ಇಲ್ಲೇ ಅಡಗಿದೆ. ಪೀಟರ್ ಡೂಡ್‌ಸನ್ ವಿನ್ಯಾಸ ಮಾಡಿದ ಮೂಲ ಡಬ್ಬಿಗೆ ‘ಜ್ಯುವೆಲ್ ಕೇಸ್’ ಎಂಬ ಹೆಸರು, ಒಡವೆ ಪೆಟ್ಟಿಗೆಯ ಹಾಗೆ. ಅದಕ್ಕೆ ಪುಸ್ತಕಕ್ಕಿರುವಂತೆ ಬೆನ್ನಿತ್ತು, ಬೆನ್ನ ಮೇಲೆ ಹೆಸರು. 5 ಮಿ.ಮೀ. ಕೇಸಿಗೆ ಬೆನ್ನೇ ಇಲ್ಲ. ಸಾಲಾಗಿ ನಿಲ್ಲಿಸಿದರೆ ಯಾವುದು ಯಾವುದೋ ತಿಳಿಯದು. ಆಗ ಕೈ ಬಾಲ್‌ಪೆನ್ನಿನತ್ತ ಹೋಗುತ್ತದೆ, ಹೆಸರನ್ನು ಡಿಸ್ಕ್ ಮೇಲೇ ಒತ್ತಿ ಬರೆಯುತ್ತೇವೆ. ಇಲ್ಲವೇ ಚೀಟಿ ಅಂಟಿಸುತ್ತೇವೆ, ಮುಂದೊಂದು ದಿನ ಕೀಳುವಾಗ ಮೆರುಗೆಣ್ಣೆಯ ಜೊತೆ ಹಾಡೂ ಎದ್ದು ಬರುತ್ತದೆ. ಉಪಾಯ ಸುಲಭ: ಕೇಸಿನ ಮೇಲೆ ನಂಬರು, ನೋಟ್‌ಬುಕ್ಕಿನಲ್ಲಿ ಪಟ್ಟಿ. ಡಿಸ್ಕ್ ಮೇಲೆ ಬರೆಯಲೇಬೇಕಿದ್ದರೆ ನೀರಿನ ಶಾಯಿಯ ಮೆತ್ತನೆ ಪೆನ್ನು.

ಎರಡನೆಯದು ನಡುವಿನ ಹಲ್ಲುಗಳು. ಅಗ್ಗದ ಸ್ಲಿಮ್ ಕೇಸುಗಳಲ್ಲಿ ಅವು ಡಿಸ್ಕನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆಂದರೆ, ತೆಗೆಯುವಾಗ ಅದು ಹಪ್ಪಳದ ಹಾಗೆ ಬಾಗುತ್ತದೆ. ಸಿ.ಡಿ. ಒಂದೇ ಹಾಳೆ, ತಡೆದುಕೊಳ್ಳುತ್ತದೆ. ಡಿ.ವಿ.ಡಿ. ಅಂಟಿಸಿದ ಜೋಡಿ, ಮತ್ತೆಮತ್ತೆ ಬಾಗಿಸಿದರೆ ಅಂಟಿನ ಮೇಲೇ ಎಳೆತ ಬೀಳುತ್ತದೆ. ಅಂಗಡಿಯಲ್ಲೇ ಒಂದು ಕೇಸು ತೆರೆಸಿ, ನಡುವಿನ ಗುಂಡಿ ಒತ್ತಿದ ಕೂಡಲೇ ಡಿಸ್ಕ್ ತಾನಾಗಿ ಮೇಲೇಳುತ್ತದೆಯೇ ನೋಡಿ. ಏಳದಿದ್ದರೆ ಹತ್ತು ರೂಪಾಯಿ ಕಡಿಮೆಯಾದರೂ ಬೇಡ.

ಮೂರನೆಯದೇ ನನಗೆ ಎಲ್ಲಕ್ಕಿಂತ ಸ್ವಾರಸ್ಯ: ಡಿಸ್ಕಿಗೆ ಏನು ತಾಗಿಕೊಂಡಿರುತ್ತದೆ? ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಪಿ.ಡಿ.ಓ. ಕಾರ್ಖಾನೆ 1988ರಿಂದ 1993ರವರೆಗೆ ಅಚ್ಚು ಮಾಡಿದ ಹಲವು ಸಿ.ಡಿ.ಗಳು, ಯಾರೂ ಗೀರದೆ, ಬೀಳಿಸದೆ, ಡಬ್ಬಿಯೊಳಗೇ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿದವು. ತನಿಖೆಯ ಜಾಡು ಹೋಗಿ ಮುಟ್ಟಿದ್ದು ಡಬ್ಬಿಯಲ್ಲಿದ್ದ ಕಾಗದವನ್ನು. ಅದರಲ್ಲಿದ್ದ ಗಂಧಕದ ಅಂಶವನ್ನು ಅಲ್ಲಿನ ಮೆರುಗೆಣ್ಣೆ ತಡೆಯಲಾರದೆ ಹೋಗಿ ಲೋಹದ ಪದರ ತುಕ್ಕು ಹಿಡಿದಿತ್ತು. ಎಲ್ಲ ಕಾಗದವೂ ಕೆಟ್ಟದ್ದೆಂದಲ್ಲ. ಆದರೆ ಸಿ.ಡಿ.ಯನ್ನು ವರ್ಷಗಟ್ಟಲೆ ಕಾಗದದ ಲಕೋಟೆಗೆ ಒಪ್ಪಿಸುವವರು ಈ ಕತೆ ನೆನಪಿಡಬೇಕು. ಜಿಪ್ ಹಾಕುವ ಆಲ್ಬಮ್‌ಗಳಲ್ಲಿ ಜಾಗ ಇನ್ನೂ ಉಳಿಯುತ್ತದೆ, ನಿಜ. ಅದರ ಜೇಬುಗಳು ಪಿ.ವಿ.ಸಿ.ಯದಾದರೆ ಆ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಬೇಸಿಗೆಯಲ್ಲಿ ನಿಧಾನಕ್ಕೆ ಒಸರಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದೇ. ಕೇಸಿನ ಮೂಲೆಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇದ್ದರೆ ಓದಿಕೊಳ್ಳಿ: 3 ಎಂದರೆ ಪಿ.ವಿ.ಸಿ., ದೂರವಿಡಿ. 5 ಪಾಲಿಪ್ರೊಪಿಲೀನ್, ಬಾಗುತ್ತದೆ, ಮುರಿಯದು. 6 ಪಾಲಿಸ್ಟೈರೀನ್, ಗಾಜಿನಂತೆ ಚೆಂದ, ಕೈಜಾರಿದರೆ ಹಲ್ಲು ಉದುರುತ್ತದೆ.

ಸಿ.ಡಿ. ತಿನ್ನುವ ಬೂಷ್ಟಿನ ಸುದ್ದಿ ಕೇಳಿದವರಿರಬಹುದು. ಅದು ಸುಳ್ಳಲ್ಲ. 2001ರಲ್ಲಿ ಸ್ಪೇನಿನ ಹವಿಯರ್ ಗಾರ್ಸಿಯಾ-ಗಿನೇಯಾ, ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿ.ಡಿ.ಯೊಂದರ ಲೋಹದ ಪದರವನ್ನು ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಅಂಚಿನಿಂದ ಹೊಕ್ಕು ಕೊರೆದದ್ದನ್ನು ತೋರಿಸಿದರು. ಆದರೆ ಒಂದು ಡಿಸ್ಕ್‌ನ ಕತೆ ಹಿಡಿದು ‘ನಿಮ್ಮ ಸಂಗ್ರಹವನ್ನೆಲ್ಲ ಬೂಷ್ಟು ತಿನ್ನುತ್ತಿದೆ’ ಎಂದು ಹೆದರಿಸುವುದು ಅತಿ. ಬೆಂಗಳೂರಿನ ಮಳೆಗಾಲದ ಥಂಡಿಗೆ ಹೊರಗೋಡೆಗೆ ಒತ್ತದ ಕಪಾಟು, ನೆಟ್ಟಗೆ ನಿಲ್ಲಿಸಿದ ಕೇಸು ಸಾಕು.

ಹಾಗಾದರೆ ಉತ್ತರ? ಅಂಗಡಿಯ ಸಿ.ಡಿ., ವಿ.ಸಿ.ಡಿ.ಗಳಿಗೆ 5 ಮಿ.ಮೀ. ಕೇಸು ಧಾರಾಳವಾಗಿ ಸಾಕು. ಡಿ.ವಿ.ಡಿ.ಗೆ 14 ಮಿ.ಮೀ.ನ ಬದಲು 7 ಮಿ.ಮೀ.ನ ಪಾಲಿಪ್ರೊಪಿಲೀನ್ ಕೇಸು, ಗುಂಡಿ ಒತ್ತುವಂಥದ್ದು. ಮನೆಯಲ್ಲಿ, ಸ್ಟುಡಿಯೊದಲ್ಲಿ ಬರ್ನ್ ಮಾಡಿದ ಮದುವೆ ಡಿಸ್ಕ್‌ಗಳ ಜಾತಿಯೇ ಬೇರೆ. ಅವುಗಳಲ್ಲಿ ಅಂಗಡಿಯ ಡಿಸ್ಕಿನಂತೆ ಮಾಹಿತಿಯ ಗುಳಿಗಳು ಅಚ್ಚಾಗಿಲ್ಲ, ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಗುರುತುಗಳಿವೆ. ಬಿಸಿಲಿಗೆ ಪರದೆ ಬಟ್ಟೆ ಮಾಸಿದಂತೆ ಆ ಬಣ್ಣವೂ ಮಾಸುತ್ತದೆ. ಪಾರದರ್ಶಕ ಸ್ಲಿಮ್ ಕೇಸು ಅವಕ್ಕೆ ಬೇಡ, ಕಪ್ಪು ಕೇಸೇ ಇರಲಿ.

ಎಸ್.ಪಿ. ರೋಡಿಗೆ ಕೇಸು ತರಲು ಹೊರಡುವ ಮುನ್ನ ಒಂದು ಕೆಲಸ. ಆ ಮದುವೆ ಡಿಸ್ಕನ್ನು ಇವತ್ತೇ ಪ್ಲೇಯರಿಗೆ ಹಾಕಿ ನೋಡಿ. ಧಾರೆಯ ತನಕ ತಡವರಿಸದೆ ಓಡಿದರೆ ಸಂಜೆಯೊಳಗೆ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ. ಮಿಕ್ಕ 299ಕ್ಕೆ ಕೇಸು ಮುಂದಿನ ವಾರ ತಂದರೂ ಆಗುತ್ತದೆ.